ಎರಡು ಎ, ಕೊನೆಗೊಂದು ಎಚ್

ನಮ್ಮ ಮನೆತನದಲ್ಲಿ ಮಗುವಿನ ಹೆಸರನ್ನು ಮೊದಲು ಬಾಯಿಬಿಟ್ಟು ಹೇಳುವ ಹಕ್ಕು ಸೋದರತ್ತೆಯದು. ಅಂದರೆ ಮಗುವಿನ ಅಪ್ಪನ ಅಕ್ಕನದೋ ತಂಗಿಯದೋ. ತೊಟ್ಟಿಲ ದಿನ ಅವಳು ಮಗುವಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ಇಷ್ಟು ದೊಡ್ಡ ಹಕ್ಕು ಪುಕ್ಕಟೆ ಸಿಗ್ತದೇನು?" ಅಂದಿದ್ದಳು. ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ಮನೆ ಮಾಡಿ ನಲವತ್ತು ವರ್ಷವಾದರೂ ಈ ಶಾಸ್ತ್ರವನ್ನು ನಾವು ಬಿಟ್ಟಿಲ್ಲ.

ಶಾಸ್ತ್ರದ ಇನ್ನೊಂದು ಅರ್ಧವಿದೆ. ಸೋದರತ್ತೆ ಕಿವಿಯಲ್ಲಿ ಹೇಳುವವರೆಗೆ ಆ ಹೆಸರನ್ನು ಮನೆಯಲ್ಲಿ ಯಾರೂ ಉಚ್ಚರಿಸಬಾರದು. ಹೀಗಾಗಿ ನನ್ನ ತಮ್ಮನ ಮಗಳ ಹೆಸರಿನ ಮೇಲೆ ಎರಡೂವರೆ ತಿಂಗಳು ನಡೆದ ಜಗಳ ಆ ಹೆಸರನ್ನು ಒಂದು ಸಲವೂ ಹೇಳದೆ ನಡೆಯಿತು. ಎರಡು ಎ ಹಾಕಬೇಕು, ಒಂದೇ ಎ ಸಾಕು, ಕೊನೆಗೆ ಎಚ್ ಬೇಡ. ಬರೀ ಇಷ್ಟೇ. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರೆ ಸೈಟಿನ ಎ ಖಾತೆ ಬಿ ಖಾತೆಯ ತಕರಾರು ಎಂದುಕೊಳ್ಳುತ್ತಿದ್ದರು. ಆ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅಭ್ಯಾಸವಾಗಿಬಿಟ್ಟಿದೆ.

ಹೆಸರಿನ ಬಗ್ಗೆ ಯಾರಿಗೂ ಬೇಸರವಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಹೆರಿಗೆಯಾದ ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ತಮ್ಮ ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದ. ಕನ್ನಡದಲ್ಲಿ ಮೂರೇ ಅಕ್ಷರ. ಚೆನ್ನಾಗಿದೆ ಕಣೋ ಅಂದೆ. ಅಪ್ಪಾಜಿಯೂ ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು. ಆಸ್ಪತ್ರೆಯವರು ಜನನ ನೋಂದಣಿಗೆ ಹೆಸರು ಕೇಳಿದಾಗ, ಇನ್ನೂ ತೊಟ್ಟಿಲಾಗಿಲ್ಲ ಎಂದು ಆ ಜಾಗ ಖಾಲಿ ಬಿಡಿಸಿದೆವು. ಆಮೇಲೆ ಅರ್ಜಿ ಕೊಟ್ಟು ಸೇರಿಸಬಹುದು ಎಂದರು. ಖಾಲಿ ಬಿಟ್ಟ ಆ ಜಾಗದಲ್ಲಿ ನಾನು ಹೋಗಿ ಬೀಳುತ್ತೇನೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಪ್ಪಾಜಿಗೆ ಎಪ್ಪತ್ತೇಳು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ದಿನವೂ ಲಿಂಗಪೂಜೆ, ದಿನವೂ ಪೇಪರಿನ ಮೂಲೆ ಮೂಲೆ ಓದುವುದು, ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅವರ ಬೀರುವಿನ ಬಾಗಿಲ ಒಳಗಡೆ ಒಂದು ಪಟ್ಟಿ ಅಂಟಿಸಿದೆ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ. ಹೆಸರಿನ ಅಕ್ಷರಗಳನ್ನೆಲ್ಲ ಕೂಡಿಸಿ ಬಂದ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ ನೋಡುವುದು. ಯಾರು ಹೊಸ ಕಾರು ತಂದರೂ ನಂಬರ್ ಕೂಡಿಸುತ್ತಾರೆ, ಮದುವೆ ಕಾರ್ಡು ಬಂದರೆ ಹುಡುಗ ಹುಡುಗಿಯ ಹೆಸರು ಕೂಡಿಸುತ್ತಾರೆ. ಬಸವಣ್ಣ ಇದನ್ನೆಲ್ಲ ಒಪ್ಪುತ್ತಿದ್ದರಾ ಎಂದು ಒಮ್ಮೆ ಕೆಣಕಿದ್ದೆ. "ಲೆಕ್ಕ ಬೇರೆ, ಭಕ್ತಿ ಬೇರೆ" ಎಂದು ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

ಮಗು ಹುಟ್ಟಿ ಒಂದು ವಾರವಾಗಿರಲಿಲ್ಲ, ಒಬ್ಬರೇ ಬಸ್ಸು ಹತ್ತಿ ಬ್ಯಾಡರಹಳ್ಳಿಗೆ ಹೋಗಿ ಬಂದರು. ಅಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ನ್ಯೂಮರಾಲಜಿ ನೋಡುವವನಿದ್ದಾನೆ. ಲ್ಯಾಮಿನೇಟ್ ಮಾಡಿದ ಹಾಳೆಯೊಂದನ್ನು ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟು, "ಇದೇ ಸರಿ" ಅಂದರು. ಹೆಸರು ಅದೇ, ಉಚ್ಚಾರವೂ ಅದೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ನಡುವೆ ಇನ್ನೊಂದು ಎ, ಕೊನೆಗೊಂದು ಎಚ್.

ನನ್ನ ಹೆಸರಿಗೂ ಅವರು ಹಾಕಿಸಿದ್ದು ಅವೇ ಎರಡು ಅಕ್ಷರ. ಇನ್ನೊಂದು ಎ, ಕೊನೆಗೊಂದು ಎಚ್.

ಅದು ನಾನು ಹತ್ತನೇ ತರಗತಿಯಲ್ಲಿದ್ದಾಗ. ಅವ್ವ ಕಾಮಾಲೆಯಾಗಿ ಮೂರೇ ವಾರದಲ್ಲಿ ತೀರಿಕೊಂಡು ಆರೇಳು ತಿಂಗಳಾಗಿತ್ತು. ತಮ್ಮನಿಗೆ ಆರು ವರ್ಷ. ಪರೀಕ್ಷೆಯ ಅರ್ಜಿ ತುಂಬಲು ಶಾಲೆಯಲ್ಲಿ ಕೊಟ್ಟಿದ್ದರು. ಅಪ್ಪಾಜಿ ಅದನ್ನು ಇಸಿದುಕೊಂಡು ತಾವೇ ತುಂಬಿದರು. ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು "ಇದ್ಯಾರಮ್ಮ, ಹೊಸಬಳು?" ಎಂದು ನಕ್ಕಾಗಲೇ ನಾನು ನೋಡಿದ್ದು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪಾಜಿ, "ಒಳ್ಳೇದಕ್ಕೆ ಕಣವ್ವ" ಅಂದರು ಅಷ್ಟೆ. ತಾಯಿಯಿಲ್ಲದ ಹುಡುಗಿ, ಬೇಗ ಒಳ್ಳೆಯ ಕಡೆ ಮದುವೆಯಾಗಲಿ ಎಂದು ಹಾಕಿಸಿದ್ದಾರೆ ಎಂದು ನೆಂಟರು ಮಾತಾಡಿಕೊಂಡರು. ನಾನೂ ಹಾಗೇ ನಂಬಿದೆ.

ಆ ಎರಡು ಅಕ್ಷರ ನನಗೆ ಏನು ಕೊಟ್ಟವು? ಜನನ ಪತ್ರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು. ಬ್ಯಾಂಕು, ಪಾಸ್‌ಪೋರ್ಟು, ಆಧಾರ್, ಎಲ್ಲೇ ಹೋಗಲಿ ಕೌಂಟರಿನ ಆಚೆಯವರು ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟು "ಇದ್ರಲ್ಲಿ ಯಾವ್ದು ಸರಿ ಮೇಡಂ?" ಅನ್ನುತ್ತಾರೆ. ಎರಡೂ ನಾನೇ ಎಂದು ಅಫಿಡವಿಟ್ ಮಾಡಿಸಿ ಮಾಡಿಸಿ ನೋಟರಿಯ ಮನೆಯವರ ಯೋಗಕ್ಷೇಮ ವಿಚಾರಿಸುವಷ್ಟು ಬಳಕೆಯಾಗಿದೆ. ಮದುವೆ ಇಪ್ಪತ್ತೇಳಕ್ಕೆ ಆಯಿತು. ನಾಲ್ಕು ವರ್ಷ ಬಾಳಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಆ ಮನೆಯಲ್ಲಿ ನನ್ನ ಮಾತಿಗೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ ಎಂದರೆ ಸಾಕು. ಒಂದು ಸೂಟ್‌ಕೇಸ್ ಹಿಡಿದು ವಾಪಸ್ ಬಂದೆ. ಅಪ್ಪಾಜಿ ಬಾಗಿಲು ತೆರೆದು, "ಊಟ ಆಯ್ತೇನವ್ವ?" ಅಂದರು. ಬೇರೇನೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಹಾಗೆಂದು ನನಗೆ ಮುಜುಗರ ಮಾಡುವುದನ್ನೇನೂ ಅವರು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡುವ ರೂಢಿಯೇ ಇಲ್ಲ. ನನಗೆ ನಲವತ್ತು ತುಂಬಿದ ದಿನ ಶಾಲೆಯಿಂದ ಮನೆಗೆ ಬಂದರೆ ಬೀದಿಯಲ್ಲಿ ಎದುರಾದವರೆಲ್ಲ "ಹ್ಯಾಪಿ ಬರ್ತ್‌ಡೇ ಆಂಟಿ" ಅನ್ನುತ್ತಿದ್ದಾರೆ. ಅಪ್ಪಾಜಿ ಮೂರು ಕೆಜಿ ಮೈಸೂರ್ ಪಾಕ್ ತಂದು ಮನೆ ಮನೆಗೂ ಹಂಚಿದ್ದರು. ಇಸ್ತ್ರಿಯವನಿಗೂ, ತರಕಾರಿ ಗಾಡಿಯವಳಿಗೂ ಕೊಟ್ಟಿದ್ದರು. ಗಂಡನನ್ನು ಬಿಟ್ಟು ಬಂದ ನಲವತ್ತರ ಹೆಂಗಸಿಗೆ ಬೀದಿಯವರ ಶುಭಾಶಯ! ನನಗೆ ನಖಶಿಖಾಂತ ಉರಿಯಿತು. ಮರ್ಯಾದೆ ಕಳೆದಿರಿ ಎಂದು ಕೂಗಾಡಿದೆ. ಅವರು ಸೋಫಾದಲ್ಲಿ ಕೂತು ಮೈಸೂರ್ ಪಾಕ್ ಚೂರು ಬಾಯಿಗೆ ಹಾಕಿಕೊಂಡು ಸುಮ್ಮನೆ ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಸಕ್ಕರೆ ಕಾಯಿಲೆಯವರು ಇಷ್ಟು ಸಿಹಿ ತಿಂದರೆ ಇನ್ನೇನಾಗುತ್ತದೆ ಎಂದು ಅದಕ್ಕೂ ಬೈದೆ.

ನನ್ನ ಕೆಲಸವೂ ಹೆಸರುಗಳದ್ದೇ. ರಾಜಾಜಿನಗರದ ಒಂದು ಅನುದಾನಿತ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಪ್ರತಿ ವರ್ಷ ಹತ್ತನೇ ತರಗತಿಯ ಅರ್ಜಿ ಹೋಗುವ ಮುಂಚೆ ಒಂದೊಂದು ಮಗುವನ್ನೂ ಕಿಟಕಿಯ ಹತ್ತಿರ ಕರೆದು, ಖಾಲಿ ಚೀಟಿ ಕೊಟ್ಟು, "ನಿನ್ನ ಹೆಸರು ನೀನೇ ಬರಿ" ಅನ್ನುತ್ತೇನೆ. ನಮ್ಮ ಪಟ್ಟಿಯಲ್ಲಿರುವುದಕ್ಕೂ ಚೀಟಿಗೂ ತಾಳೆಯಾದರೆ ಮಾತ್ರ ಕಳಿಸುವುದು. ಇಲಾಖೆ ಹೇಳಿದ ಕ್ರಮವಲ್ಲ, ನನ್ನದೇ ಕ್ರಮ. ಆ ದಿನಗಳಲ್ಲಿ ತಂದೆ ತಾಯಿಯರು ಅಕ್ಷರ ಸೇರಿಸಲು ಸಾಲುಗಟ್ಟುತ್ತಾರೆ. ಬೇಡಿ ಸಾರ್, ಮಗು ಜೀವನವೆಲ್ಲ ಅಲೆಯಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳುತ್ತೇನೆ. ಒಬ್ಬ ಮಹಾನುಭಾವ ನನ್ನ ಮೇಜಿನ ಮೇಲಿದ್ದ ನಾಮಫಲಕ ನೋಡಿ, "ಮೇಡಂ, ನಿಮ್ಮದ್ರಲ್ಲೇ ಎರಡು ಎ ಇದೆಯಲ್ಲ" ಅಂದ. ಅವತ್ತೇ ಆ ಫಲಕ ತೆಗೆದು ಡ್ರಾಯರಿಗೆ ಹಾಕಿದೆ.

ತಮ್ಮನ ಹೆಂಡತಿ ಬಾಣಂತನಕ್ಕೆ ಕೆಂಗೇರಿಯ ತಾಯಿಮನೆಯಲ್ಲಿದ್ದಳು. ಲ್ಯಾಮಿನೇಟ್ ಹಾಳೆಯ ಫೋಟೋ ಅವಳ ಮೊಬೈಲಿಗೆ ಹೋಯಿತು. ಅಲ್ಲಿಂದ ಖಡಾಖಂಡಿತ ಉತ್ತರ ಬಂತು. ಒಂದೇ ಎ. ಎಚ್ ಇಲ್ಲ. ಅಪ್ಪಾಜಿ ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದರು. ಅವರ ವಾದದ ಸಾಕ್ಷಿ ಯಾರು? ನಾನು. "ನನ್ನ ಮಗಳಿಗೆ ಹಾಕಿಸಿದ ಮೇಲೇ ಅಲ್ವೇನಮ್ಮ ಅವಳು ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದು, ಕೆಲಸ ಸಿಕ್ಕಿದ್ದು, ತನ್ನ ಕಾಲ ಮೇಲೆ ತಾನು ನಿಂತಿದ್ದು?" ನಾನು ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದೆ. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು, ಹೌದು ಅನ್ನು ಎಂಬಂತೆ. ನಾನು ಬೀನ್ಸಿನ ನಾರು ಎಳೆದೆ.

ಆ ಭಾನುವಾರ ಅಂಟಿನುಂಡೆ ಮಾಡಿಕೊಂಡು ಕೆಂಗೇರಿಗೆ ಹೋದೆ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಕಿಟಕಿಗೆ ದಪ್ಪ ಬೆಡ್‌ಶೀಟು. ಹುಡುಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತು ಮಗುವಿನ ನಿದ್ದೆ, ಹಾಲು ಅಂತೆಲ್ಲ ಮಾತಾಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನೋಡೇ ನಂಗೆ ಭಯ ಆಗ್ತಿರೋದು. ನಿಮಗೂ ಹಾಕಿದ್ರಲ್ಲ ಅದೇ ಎರಡು ಅಕ್ಷರ. ಏನು ಸುಖ ಪಟ್ರಿ ಹೇಳಿ?"

ನಾನು ಇನ್ನೊಂದು ಕೈಯಿಂದ ಮಗುವಿನ ಹೊದಿಕೆ ಸರಿ ಮಾಡಿದೆ.

"ಮಾವ ಬೇರೆ ಯಾರು ಹೇಳಿದ್ರೂ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ. ನಿಮಗಾಗಿದ್ದನ್ನ ನೀವೇ ಹೇಳಿ ಅತ್ತಿಗೆ, ಪ್ಲೀಸ್."

ಅವಳು ಕೆಟ್ಟವಳಲ್ಲ. ಹಸಿ ಬಾಣಂತಿ, ಕಣ್ಣು ತುಂಬಿಕೊಂಡಿದ್ದಳು. ಆದರೆ ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಅಪ್ಪಾಜಿಯ ಕಡೆಯ ಸಾಕ್ಷಿಯೂ ನಾನೇ, ಇವಳ ಕಡೆಯ ಸಾಕ್ಷಿಯೂ ನಾನೇ. ಒಬ್ಬರಿಗೆ ನನ್ನ ಬದುಕು ಗೆದ್ದ ಬದುಕು, ಇನ್ನೊಬ್ಬರಿಗೆ ಸೋತದ್ದು. ಎರಡೂ ಕಡೆಯವರು ನನ್ನನ್ನು ಕೇಳದೆ ತೀರ್ಪು ಬರೆದಿದ್ದರು. ಬರುವಾಗ ಅವಳ ತಾಯಿ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದೆ.

ಬೇರೆ ಮನೆ ಮಾಡಿಕೊಂಡಿರುವ ತಮ್ಮನಿಗೆ ಫೋನ್ ಮಾಡಿದರೆ, "ಅಕ್ಕಾ, ನಂಗೆ ತಲೆ ಕೆಟ್ಟೋಗಿದೆ. ನೀನೇ ಡಿಸೈಡ್ ಮಾಡ್ಬಿಡು. ಸೋದರತ್ತೆ ನೀನು ತಾನೆ?" ಅಂದ. ಆರು ವರ್ಷದವನಿಂದ ತಲೆ ಬಾಚಿ, ಟಿಫನ್ ಕಟ್ಟಿ ಬೆಳೆಸಿದವಳು ನಾನು. ಸಾಕಿದ ಗಿಣಿ ಹದ್ದಾಗಿ ಕುಕ್ಕುವುದು ಎಂದರೆ ಇದೇ.

ಆಮೇಲಿನ ಎರಡು ತಿಂಗಳು ನನ್ನದು ಅತ್ತ ದರಿ ಇತ್ತ ಪುಲಿ. ಅಪ್ಪಾಜಿಗೆ ಹೇಳುವುದೆಂದರೆ ಏನು ಹೇಳುವುದು? ನೀವು ಹಾಕಿಸಿದ ಅಕ್ಷರ ಫಲಿಸಲಿಲ್ಲ ಎನ್ನಬೇಕಾದರೆ ನನ್ನ ಬಾಳು ಹಾಳಾಯಿತು ಎಂದು ನನ್ನ ಬಾಯಲ್ಲೇ ಒಪ್ಪಿಕೊಳ್ಳಬೇಕು. ಅದೂ ಅವರ ಮನೆಯಲ್ಲಿ, ಅವರ ಎದುರು, ಅವರು ಬಡಿಸಿಕೊಂಡ ತಟ್ಟೆಯ ಮುಂದೆ. ಹೇಳದೆ ಸುಮ್ಮನಿದ್ದರೆ ಆ ಕೂಸನ್ನೂ ನನ್ನ ಸಾಲಿನಲ್ಲೇ ನಿಲ್ಲಿಸಿದ ಹಾಗೆ, ನೋಟರಿಯ ಬಾಗಿಲಲ್ಲಿ. ದಿನವೂ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರು ವಿಭೂತಿ ಹಚ್ಚಿಕೊಂಡು ಬಂದು, "ಏನು ತಿಂಡಿ?" ಎಂದರೆ ಉಪ್ಪಿಟ್ಟು ಎಂದು ಹೇಳಿ ತಟ್ಟೆ ಇಡುತ್ತಿದ್ದೆ. ಮನೆಯಲ್ಲಿ ಇಬ್ಬರೇ ಇರುವವರು ಜಗಳವಾಡಿದರೆ ಸಮಾಧಾನ ಮಾಡುವುದಕ್ಕೂ ಮೂರನೆಯವರಿಲ್ಲ. ಒಂದೆರಡು ದಿನ ಶಾಲೆ ಬಿಟ್ಟ ಮೇಲೂ ಸುಮ್ಮನೆ ಆಫೀಸಿನಲ್ಲೇ ಕೂತಿದ್ದೆ.

ಹೀಗೆ ಮುಂದೂಡಿ ಮುಂದೂಡಿ ತೊಟ್ಟಿಲ ದಿನವೇ ಬಂತು. ಶಾಸ್ತ್ರ ಕೆಂಗೇರಿಯಲ್ಲಿ. ಆಟೋದಲ್ಲಿ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿದೆವು. ಭಾನುವಾರವಾದರೂ ಕಿಕ್ಕಿರಿದಿತ್ತು. ಒಬ್ಬ ಹುಡುಗಿ ಎದ್ದು ಅಪ್ಪಾಜಿಗೆ ಸೀಟು ಕೊಟ್ಟಳು. ನಾನು ಬೆಳ್ಳಿ ಗೆಜ್ಜೆ, ಕುಲಾವಿ, ಕುಬುಸದ ಖಣ ಇದ್ದ ಚೀಲ ಹಿಡಿದು ಅವರ ಎದುರು ನಿಂತೆ. ಅವರ ಜೇಬಿನಿಂದ ಲ್ಯಾಮಿನೇಟ್ ಹಾಳೆಯ ತುದಿ ಇಣುಕುತ್ತಿತ್ತು.

"ನಿನ್ನ ತಮ್ಮ ಹೆಸರು ಸೇರ್ಸೋ ಅರ್ಜಿ ಪ್ರಿಂಟ್ ತಗೊಂಡಿದಾನಂತೆ. ಇವತ್ತೇ ತುಂಬಿಸ್ಬಿಡೋಣ. ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ" ಅಂದರು.

ಅತ್ತಿಗುಪ್ಪೆ ದಾಟಿತ್ತು. ಇನ್ನು ಎಂಟು ಸ್ಟೇಷನ್ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಹೇಳಲಾರದ್ದನ್ನು ಜನರ ನಡುವೆ ಹೇಳಬಹುದು ಎಂದು ಆಗ ಗೊತ್ತಾಯಿತು. ಇಲ್ಲಿ ಅವರು ಎದ್ದು ಹೋಗುವಂತಿರಲಿಲ್ಲ, ನಾನು ಅಳುವಂತಿರಲಿಲ್ಲ.

"ಅಪ್ಪಾಜಿ, ನಂಗೆ ಹಾಕ್ಸಿದ ಆ ಅಕ್ಷರದಿಂದ ನಂಗೇನೂ ಒಳ್ಳೇದಾಗ್ಲಿಲ್ಲ. ನಿಮಗೂ ಗೊತ್ತು. ಮಗುಗೆ ಬೇಡ."

ಅಂದುಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಬಗ್ಗಿ, "ಕೇಳಿಸ್ತಾ?" ಅಂದೆ.

"ಕೇಳಿಸ್ತವ್ವ. ನಿಂಗೆ ಒಳ್ಳೇದಾಗ್ಲಿ ಅಂತ ಹಾಕ್ಸಿದ್ದಲ್ಲ ಅದು."

"ಮತ್ತೆ?"

"ನಿಮ್ಮವ್ವಂದೂ ನಿಂದೂ ಕೂಡಿಸಿದ್ರೆ ಒಂದೇ ಸಂಖ್ಯೆ ಬರ್ತಿತ್ತು. ಅವಳು ಹೋದ ಮೇಲೆ ಒಬ್ಬರು ಲೆಕ್ಕ ಹಾಕಿ ತೋರಿಸಿದ್ರು. ಅವಳ ದಾರೀಲೇ ಹೋಗ್ತಾಳೆ ಹುಡುಗಿ, ನಲವತ್ತು ಕಾಣಲ್ಲ, ಅಂದ್ರು. ನಿಂಗಾಗ ಹದಿನೈದು. ನಿನ್ನ ಹತ್ರ ಹೇಗೆ ಹೇಳ್ಲಿ? ಅದಕ್ಕೇ ಆ ಎರಡು ಅಕ್ಷರ ಹಾಕ್ಸಿ ಸಂಖ್ಯೆ ಬೇರೆ ಮಾಡ್ದೆ."

ಅವ್ವ ಹೋದಾಗ ಅವಳಿಗೆ ಮೂವತ್ತೊಂಬತ್ತು. ನಾನು ಯಾವತ್ತೂ ಆ ಲೆಕ್ಕ ಹಾಕಿರಲಿಲ್ಲ. ಹದಿನಾಲ್ಕರ ಹುಡುಗಿಗೆ ಅಮ್ಮ ಎಂದರೆ ದೊಡ್ಡವಳು, ಅಷ್ಟೆ. ಮೈಸೂರ್ ಪಾಕಿನ ಡಬ್ಬ ಹಿಡಿದು ಮನೆ ಮನೆಯ ಬೆಲ್ ಒತ್ತುತ್ತಾ ಹೋದ ಅಪ್ಪಾಜಿ ಕಣ್ಣಿಗೆ ಬಂದರು. ಅವತ್ತು ನಾನು ಎಷ್ಟು ಬೈದಿದ್ದೆ! ಇಪ್ಪತ್ತೈದು ವರ್ಷ ಈ ಮನುಷ್ಯ ನನ್ನ ಒಂದೊಂದು ಜ್ವರವನ್ನೂ ಹೇಗೆ ನೋಡಿರಬೇಕು? ಸೂಟ್‌ಕೇಸ್ ಹಿಡಿದು ಬಂದಾಗ ಏನೂ ಕೇಳದೆ ಊಟ ಹಾಕಿದ್ದು ಯಾಕೆ ಎಂದೂ ಹೊಳೆಯಿತು. ಅವರ ಲೆಕ್ಕದಲ್ಲಿ ನಾನು ಬದುಕಿ ಬಂದಿದ್ದೆ, ಅದೇ ಅವರಿಗೆ ಸಾಕಾಗಿತ್ತು.

"ಈಗ ಈ ಕೂಸಿನ ಹೆಸರೂ..." ಎಂದು ಅವರು ಜೇಬಿನ ಹಾಳೆಯನ್ನು ಬೆರಳಿನಿಂದ ಒಳಗೆ ತಳ್ಳಿದರು. "ಒಂದು ಎ ಹಾಕಿದ್ರೆ ಮತ್ತೆ ಅದೇ ಸಂಖ್ಯೆನೇ ಬರ್ತದವ್ವ. ಅವರಿಗೆ ಹೇಳ್ಬೇಡ. ಹಾಲು ಕುಡಿಸೋ ತಾಯಿ, ಹೆದರ್ಕೋತಾಳೆ."

ನನ್ನ ವಾದವೆಲ್ಲ ಪಟ್ಟಣಗೆರೆ ಬರುವ ಹೊತ್ತಿಗೆ ನೆಲಕಚ್ಚಿತ್ತು. ಅಕ್ಷರ ಫಲಿಸಲಿಲ್ಲ ಎಂದು ನಲವತ್ತಾರು ವರ್ಷದವಳು ಎದುರು ನಿಂತು ಹೇಳಿದರೆ, ನಿಂತಿದ್ದೀಯಲ್ಲ, ಅದೇ ಫಲ ಎನ್ನುವವರಿಗೆ ಏನು ಉತ್ತರ? ಇದೆಲ್ಲ ಸುಳ್ಳು ಎಂದು ನನಗೆ ಗೊತ್ತಿತ್ತು. ಈಗಲೂ ಗೊತ್ತು. ಕಾಮಾಲೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಮೆಟ್ರೋ ಹತ್ತುವಾಗ ನನ್ನೊಳಗೆ ಇರದಿದ್ದ ಭಯವೊಂದು ಇಳಿಯುವಾಗ ನನ್ನ ಜೊತೆಗೇ ಇಳಿಯಿತು.

ಕೆಂಗೇರಿಯ ಮನೆಯಲ್ಲಿ ತೊಟ್ಟಿಲಿಗೆ ಸೇವಂತಿಗೆ ಕಟ್ಟಿದ್ದರು. ಮೊದಲು ಗುಂಡುಕಲ್ಲಿಗೆ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಮಗುವನ್ನು ತಂದರು. ಅವರ ಕಡೆಯ ಒಬ್ಬ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, "ಗಂಡನ ಜೊತೆ ಇರೋ ಮುತ್ತೈದೆ ಯಾರೂ ಇಲ್ವಾ ನಿಮ್ಮಲ್ಲಿ?" ಎಂದಿತು. ಇಂಥ ಮಾತು ನನಗೆ ಹೊಸದಲ್ಲ, ಹಿಂದಕ್ಕೆ ಸರಿಯಲು ಕಾಲೆತ್ತಿದೆ. ತಮ್ಮನ ಹೆಂಡತಿ ಎಲ್ಲರಿಗೂ ಕೇಳುವಂತೆ, "ಅತ್ತಿಗೆನೇ ಇಡ್ಬೇಕು. ಇಲ್ಲಾಂದ್ರೆ ಹೆಸರೇ ಬೇಡ" ಅಂದಳು. ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೆಲಸ ಆಯಿತಾ ಎಂಬ ಪ್ರಶ್ನೆಯೂ ಇತ್ತು. ಇವಳು ಹೀಗೆ ನನ್ನ ಪರ ನಿಲ್ಲದೆ ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಆ ಕ್ಷಣದಲ್ಲಿ ಅನ್ನಿಸಿತು. ನಾಚಿಕೆಯಾದರೂ ಅನ್ನಿಸಿದ್ದು ನಿಜ.

ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟೆ. ಬೆನ್ನ ಮೇಲೆ ಗುದ್ದು ಬೀಳತೊಡಗಿತು. ತಮ್ಮನ ಹೆಂಡತಿಯ ತಾಯಿಯ ಕೈ ಭಾರ, ಗೊತ್ತಾಯಿತು. ಎರಡೂವರೆ ತಿಂಗಳಿಂದ ಯಾರೂ ಹೇಳದಿದ್ದ ಹೆಸರನ್ನು ಹೇಳಿದೆ. ಮೂರು ಸಲ. ಮಗು ಕಣ್ಣು ಬಿಟ್ಟು ನನ್ನ ಮೂಗುತಿ ನೋಡಿತು. ಆ ಮೂರು ಸಲ ಹೇಳುವಷ್ಟು ಹೊತ್ತು ನನಗೆ ಯಾವ ಚಿಂತೆಯೂ ಇರಲಿಲ್ಲ. ತಲೆ ಎತ್ತದೆ ಹಾಗೇ ಇದ್ದುಬಿಡೋಣ ಅನ್ನಿಸಿತು.

ಊಟವಾಯಿತು. ಗುಗ್ಗರಿ ಹಂಚಿದ್ದಾಯಿತು. ತಮ್ಮ ಬಂದು ಟೀಪಾಯಿಯ ಮೇಲೆ ಅರ್ಜಿ ಇಟ್ಟು, "ಅಕ್ಕಾ, ಕ್ಯಾಪಿಟಲ್ ಲೆಟರಲ್ಲಿ ತುಂಬ್ಬಿಡು, ನಾಳೆ ಕೊಟ್ಬರ್ತೀನಿ" ಎಂದು ಪೆನ್ನು ಕೊಟ್ಟ. ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಒಂದು ಪಕ್ಕ ತಮ್ಮನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಳು. ಇನ್ನೊಂದು ಪಕ್ಕ ಅಪ್ಪಾಜಿ. ಲ್ಯಾಮಿನೇಟ್ ಹಾಳೆಯನ್ನು ತೆಗೆದು ಟೀಪಾಯಿಯ ಮೇಲೆ ಇಟ್ಟರು. ಆಮೇಲೆ ಅದೇನನ್ನಿಸಿತೋ, ಮಗುಚಿ ಇಟ್ಟರು. "ಸೋದರತ್ತೆ ಬರೀತಾಳೆ. ಅವಳು ಹೇಗೆ ಬರೆದ್ರೆ ಹಾಗೆ" ಅಂದರು.

ಅವರು ಹಟ ಹಿಡಿದಿದ್ದರೆ ನಾನು ಜಗಳವಾಡಬಹುದಿತ್ತು. ಬಿಟ್ಟುಕೊಟ್ಟು ನನ್ನನ್ನು ಪೂರ್ತಿ ಕಟ್ಟಿಹಾಕಿದರು. ಎರಡು ಎ ಬರೆದರೆ ಪಕ್ಕದಲ್ಲಿ ಕೂತ ಈ ಹುಡುಗಿಗೆ ದ್ರೋಹ, ಯಾಕೆ ಬರೆದೆ ಎಂದು ಅವಳಿಗೆ ಜನ್ಮದಲ್ಲಿ ಹೇಳುವಂತಿಲ್ಲ. ಒಂದು ಎ ಬರೆದರೆ ಈ ಮುದುಕ ಇನ್ನು ಇರುವಷ್ಟು ದಿನ ಮೊಮ್ಮಗಳ ಮುಖ ನೋಡಿ ನೋಡಿ ಹೆದರಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೊದಲ ಅಕ್ಷರ ಬರೆದೆ. ಒಂದು ಎ ಬರೆದೆ. ಪೆನ್ನು ಮುಂದಿನ ಚೌಕದ ಮೇಲೆ ನಿಂತಿತು. ಎಷ್ಟು ಹೊತ್ತು ನಿಂತಿತೋ, ತಮ್ಮ "ಇಂಕ್ ಬರ್ತಿಲ್ವಾ ಅಕ್ಕಾ?" ಅಂದ. ಕಿಟಕಿಯ ಮುಂದೆ ನಿಂತು ಚೀಟಿಯ ಮೇಲೆ ತಮ್ಮ ಹೆಸರು ಬರೆಯುವ ಮಕ್ಕಳು ನೆನಪಾದರು. ಈ ಮಗು ಒಂದು ದಿನ ಹಾಗೇ ಬರೆಯುತ್ತದೆ. ಬರೆಯುವಾಗ ಒಂದು ಅಕ್ಷರ ಯಾರದೋ ಹೆದರಿಕೆಯದ್ದು ಎಂದು ಅದಕ್ಕೆ ಗೊತ್ತಿರುವುದಿಲ್ಲ, ನನಗೂ ಮೂವತ್ತು ವರ್ಷ ಗೊತ್ತಿರಲಿಲ್ಲ. ಭಯ ಎಲ್ಲಾದರೂ ಇರಲೇಬೇಕಿದ್ದರೆ ನನ್ನ ಹತ್ತಿರ ಇರಲಿ, ಮಗುವಿನ ಹೆಸರಲ್ಲಿ ಬೇಡ ಎಂದುಕೊಂಡೆ. ಎರಡನೆಯ ಎ ಬಿಟ್ಟು ಮುಂದಿನ ಅಕ್ಷರ ಬರೆದೆ. ಕೊನೆಗೆ ಎಚ್ ಹಾಕಲಿಲ್ಲ.

ಅಪ್ಪಾಜಿ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದರು. ಹೆಬ್ಬೆರಳು ಬೆರಳಿನ ಗೆ‌ಣ್ಣುಗಳ ಮೇಲೆ ಒಂದೊಂದಾಗಿ ಹೋಯಿತು. ಎಣಿಸಿ ಮುಗಿಸಿ ಅರ್ಜಿಯನ್ನು ತಮ್ಮನಿಗೆ ಕೊಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ, "ಆಯ್ತು ಬಿಡವ್ವ. ಇನ್ನು ನೋಡ್ಕೊಳ್ಳೋದು ನಿಂದು" ಅಂದರು.

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ನನ್ನನ್ನು ತಬ್ಬಿಕೊಂಡು, "ಹೇಗೆ ಒಪ್ಪಿಸಿದ್ರಿ ಅತ್ತಿಗೆ?" ಅಂದಳು. "ಹೇಳ್ದೆ, ಒಪ್ಕೊಂಡ್ರು" ಅಂದೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕನ್ನಡದಲ್ಲಿ ಓದುವುದು ಬಸ್ಸಿನ ಬೋರ್ಡು ಮಾತ್ರ, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಗುವಿಗೆ ಈಗ ಒಂದು ವರ್ಷ ದಾಟಿದೆ. ಗೋಡೆ ಹಿಡಿದು ನಡೆಯುತ್ತಾಳೆ. ಹೆಸರು ಕರೆದರೆ ತಿರುಗಿ ನೋಡುತ್ತಾಳೆ. ಅವಳಿಗೆ ಸ್ವಲ್ಪ ಮೈ ಬಿಸಿಯಾದರೂ ನನಗೆ ಗೊತ್ತಾಗಬೇಕು, ದಿನಕ್ಕೆರಡು ಸಲ ಫೋನ್ ಮಾಡುತ್ತೇನೆ. ಅತ್ತಿಗೆಗೆ ಸ್ವಂತ ಮಕ್ಕಳಿಲ್ಲವಲ್ಲ, ಅದಕ್ಕೇ ಇಷ್ಟು ಅಕ್ಕರೆ ಎಂದು ಆ ಮನೆಯವರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಹೋದ ತಿಂಗಳು ಅವಳ ಕಣ್ಣು ಹಳದಿಯಾಗಿದೆ ಅನ್ನಿಸಿ ಶಾಲೆಗೆ ರಜೆ ಹಾಕಿ ಓಡಿದೆ. ಟ್ಯೂಬ್‌ಲೈಟಿನ ಬೆಳಕು, ಬೇರೇನೂ ಅಲ್ಲ. ಇದೆಲ್ಲ ಮೂಢನಂಬಿಕೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಹೇಳಿಕೊಂಡ ಮೇಲೆ ಫೋನ್ ಮಾಡುತ್ತೇನೆ. ಅಪ್ಪಾಜಿ ಪೇಪರಿನ ಹಿಂದಿನಿಂದ, "ಹೇಗಿದಾಳಂತೆ?" ಎಂದು ಕೇಳುತ್ತಾರೆ. "ಚೆನ್ನಾಗಿದಾಳೆ" ಅನ್ನುತ್ತೇನೆ. ಅವರು ಪುಟ ತಿರುವುತ್ತಾರೆ.

ಅವಳಿಗೆ ನಲವತ್ತು ತುಂಬುವಾಗ ನನಗೆ ಎಂಬತ್ತಾರು. ಅಲ್ಲಿಯವರೆಗೆ ಸಾಯುವ ಹಾಗಿಲ್ಲ. ಅವತ್ತು ಅವಳು ಎಷ್ಟೇ ಬೈಯಲಿ, ಬೀದಿಯ ಪ್ರತಿ ಮನೆಗೂ ನಾನೇ ಹೋಗಿ ಮೈಸೂರ್ ಪಾಕ್ ಕೊಟ್ಟು ಬರುತ್ತೇನೆ.